ಮತದಾನ ಮುಗಿದ ಮೇಲೆ ಮನೆಯಲ್ಲಿ ಉಳಿದ ಕಾಗದ: ನನ್ನ ಅನುಭವ

ಚುನಾವಣಾ ಪ್ರಚಾರದ ಮೇಲೆ ಪ್ರಾಜೆಕ್ಟ್ ಮಾಡುವ ಪತ್ರಿಕೋದ್ಯಮ ವಿದ್ಯಾರ್ಥಿಗಳು ಮತದಾನದ ದಿನಕ್ಕೆ ಮಾಹಿತಿ ಸಂಗ್ರಹ ನಿಲ್ಲಿಸುತ್ತಾರೆ. ನನ್ನ ಮುಖ್ಯ ಕೆಲಸ ಶುರುವಾಗಿದ್ದೇ ಆಮೇಲೆ. 2023ರ ವಿಧಾನಸಭಾ ಚುನಾವಣೆ ಮುಗಿದು ತಿಂಗಳು ಕಳೆದ ಮೇಲೆ ಹುಬ್ಬಳ್ಳಿಯಲ್ಲಿ, ಧಾರವಾಡದಲ್ಲಿ, ಗರಗದ ಕಡೆ ಹಳ್ಳಿಗಳಲ್ಲಿ ಮನೆ ಮನೆ ತಿರುಗಿದೆ. ನೋಡಿದ್ದು ಒಂದೇ ವಿಷಯ: ಪಕ್ಷಗಳು ಹಂಚಿದ ಕಾಗದಗಳಲ್ಲಿ ಯಾವುದು ಇನ್ನೂ ಮನೆಯಲ್ಲಿದೆ, ಎಲ್ಲಿ ಇಟ್ಟಿದ್ದಾರೆ, ಯಾಕೆ ಇಟ್ಟಿದ್ದಾರೆ.

ವಿಭಾಗದಲ್ಲಿ ಯಾರಿಗೂ ಇದು ಹಿಡಿಸಲಿಲ್ಲ. "ಕಸ ಆರಿಸಿ ಥೀಸಿಸ್ ಬರೀತೀಯಾ?" ಅಂತ ಒಬ್ಬರು ಮುಖದ ಮೇಲೇ ಕೇಳಿದರು. ಗೆಳೆಯರೆಲ್ಲ ಹ್ಯಾಶ್‌ಟ್ಯಾಗ್ ಎಣಿಸುತ್ತಿದ್ದರು. ಆಮೇಲೆ 2024ರ ಲೋಕಸಭಾ ಚುನಾವಣೆಗೂ ಅದೇ ಬೀದಿಗಳನ್ನು ಸುತ್ತಿ ಬಂದಾಯಿತು. ವಿಧಾನ ಗಟ್ಟಿಯಾಗಿ ನಿಂತಿದೆ. ಜೂನಿಯರ್‌ಗಳು ಫೋನ್ ಮಾಡಿ ಕೇಳುತ್ತಲೇ ಇದ್ದಾರೆ, ಹಾಗಾಗಿ ಒಮ್ಮೆ ಪೂರ್ತಿ ಬರೆದುಬಿಡುತ್ತೇನೆ.

ಮೊದಲು ಕೈಕೊಟ್ಟ ದಾರಿಗಳ ಬಗ್ಗೆ. ನಾನೂ ಎಲ್ಲರ ಹಾಗೆ ಒಂದು ದೊಡ್ಡ ಜಾಲತಾಣದ ಪೋಸ್ಟ್‌ಗಳನ್ನು ಇಳಿಸಿಕೊಂಡು ಲೆಕ್ಕ ಹಾಕೋಣ ಅಂತಲೇ ಸಿನಾಪ್ಸಿಸ್ ಕೊಟ್ಟಿದ್ದೆ. 2023ರ ಮಾರ್ಚ್ ಕೊನೆಗೆ ಅವರು ಎಪಿಐಗೆ, ಅಂದರೆ ಪೋಸ್ಟ್‌ಗಳನ್ನು ಒಟ್ಟಿಗೆ ಇಳಿಸಿಕೊಳ್ಳುವ ಸೌಲಭ್ಯಕ್ಕೆ, ಹೊಸ ದರ ಹಾಕಿದರು. ಪೋಸ್ಟ್ ಇಳಿಸಿಕೊಳ್ಳಲು ಕಡಿಮೆ ಅಂದರೂ ತಿಂಗಳಿಗೆ 100 ಡಾಲರ್. ಎಂಟು ಸಾವಿರ ರೂಪಾಯಿಗೂ ಜಾಸ್ತಿ ಆಯಿತು. ಅದೇ ವಾರ, ಮಾರ್ಚ್ 29ಕ್ಕೆ, ಚುನಾವಣಾ ಆಯೋಗ ದಿನಾಂಕ ಘೋಷಿಸಿತು. ಸ್ಕಾಲರ್‌ಶಿಪ್ ಬಂದಿರಲಿಲ್ಲ. ಅಲ್ಲಿಗೆ ಆ ದಾರಿ ಮುಚ್ಚಿತು.

ಆಮೇಲೆ ವಾಟ್ಸ್‌ಆ್ಯಪ್. ಮೂರೂ ಪಕ್ಷಗಳ ವಾರ್ಡ್ ಮಟ್ಟದ ಗ್ರೂಪ್‌ಗಳಿಗೆ, ವಿದ್ಯಾರ್ಥಿ ಅಂತ ಹೇಳಿಕೊಂಡೇ, ಸೇರಿದೆ. ವಾರದೊಳಗೆ ಫೋನ್ ತುಂಬಿತು. ಮೆಮೊರಿ ಕಾರ್ಡ್‌ಗೆ ಆರೇಳು ನೂರು ಹೋಯಿತು. ಬಂದಿದ್ದರಲ್ಲಿ ಮುಕ್ಕಾಲು ಪಾಲು ಶುಭೋದಯ, ಜನ್ಮದಿನದ ಬ್ಯಾನರ್, ಮತ್ತೆ ಎಲ್ಲ ಕಡೆ ಓಡಾಡುತ್ತಿದ್ದ ಅದೇ ವಿಡಿಯೊಗಳು. ಎರಡು ಗ್ರೂಪ್‌ಗಳಿಂದ ತೆಗೆದೂ ಹಾಕಿದರು. ಪ್ರಶ್ನಾವಳಿ ಮಾಡಿದ್ದಂತೂ ಪೂರ್ತಿ ನಷ್ಟ. ಜೆರಾಕ್ಸ್‌ಗೇ ಹತ್ತಿರ ಹತ್ತಿರ ಸಾವಿರದ ಐನೂರು ಖರ್ಚಾಯಿತು. ಪ್ರಚಾರದ ಹೊತ್ತಿನಲ್ಲಿ ಕಾಗದ ಹಿಡಿದು ಬಾಗಿಲು ತಟ್ಟಿದರೆ ಜನ ನಮ್ಮನ್ನು ಯಾವುದೋ ಪಕ್ಷದವರು ಅಂದುಕೊಳ್ಳುತ್ತಾರೆ. "ಎಲ್ಲರೂ ನಮ್ಮವರೇ ರೀ" ಅಂತ ನಕ್ಕು ಕಳಿಸುತ್ತಾರೆ. ಆ ಉತ್ತರ ಇಟ್ಟುಕೊಂಡು ಏನು ಬರೆಯುವುದು?

ಕಾಗದದ ಕಡೆ ಹೊರಳಿದ್ದು ಮುದ್ರಕರ ಸಾಲಿನಿಂದ. ಚುನಾವಣೆ ನಡೆಸುವ ನಿಯಮಗಳಿರುವ ಪ್ರಜಾಪ್ರತಿನಿಧಿ ಕಾಯ್ದೆಯಲ್ಲಿ 127ಎ ಅಂತ ಒಂದು ಸೆಕ್ಷನ್ ಇದೆ. ಕರಪತ್ರದ ಮೇಲೆ ಮುದ್ರಕರು, ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕು. ಎಷ್ಟು ಪ್ರತಿ ಅಂತಲೂ ಹಾಕುತ್ತಾರೆ. ಕೆಳಗೆ ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿರುವ ಆ ಸಾಲನ್ನು ನಮ್ಮ ತರಗತಿಯಲ್ಲಿ ಯಾರೂ ಓದುತ್ತಿರಲಿಲ್ಲ. ನಾನು ಅದನ್ನೇ ಮೊದಲು ಓದುತ್ತೇನೆ. ಐವತ್ತು ಸಾವಿರ ಪ್ರತಿ ಅಂದರೆ ಇಡೀ ಕ್ಷೇತ್ರಕ್ಕೆ. ಸಾವಿರ, ಎರಡು ಸಾವಿರ ಅಂದರೆ ಒಂದು ಓಣಿಗೆ, ಒಂದು ಮಾರುಕಟ್ಟೆಗೆ, ಒಂದು ಸಮುದಾಯಕ್ಕೆ. ಒಬ್ಬ ಅಭ್ಯರ್ಥಿಯದ್ದು ಒಂದೇ ಫೋಟೊ ಇದ್ದ ಮೂರು ಕರಪತ್ರ ಸಿಕ್ಕವು. ದೊಡ್ಡ ಸಂಖ್ಯೆಯದರಲ್ಲಿ ದೇಶ, ಧರ್ಮ, ಅಭಿವೃದ್ಧಿ. ಸಣ್ಣ ಸಂಖ್ಯೆಯ ಎರಡರಲ್ಲಿ ಕುಡಿಯುವ ನೀರು ಮತ್ತು ಅಂಗಡಿ ಲೈಸೆನ್ಸ್. ವೇದಿಕೆಯ ಮಾತು ಬೇರೆ, ಓಣಿಯ ಮಾತು ಬೇರೆ ಅಂತ ಪಾಠದಲ್ಲಿ ಕೇಳಿದ್ದೆವು. ಇಲ್ಲಿ ಅದು ಪ್ರತಿಗಳ ಲೆಕ್ಕದ ಸಮೇತ ಕೈಗೆ ಬಂತು.

ಸಂಗ್ರಹ ಹೇಗೆ? ಬೆಳಗಿನ ಜಾವ ಪತ್ರಿಕೆ ಕಟ್ಟುವ ಜಾಗಕ್ಕೆ ಹೋದರೆ ಒಳಗೆ ತುರುಕುವ ಕರಪತ್ರ ಒಂದೊಂದು ಪ್ರತಿ ಕೊಡುತ್ತಾರೆ. ಚಹಾ ಕುಡಿಸಿದರೆ ಸಾಕು. ಮತದಾನ ಆದ ಮೇಲೆ ರದ್ದಿ ಅಂಗಡಿ. ಕಿಲೋಗೆ ಹದಿನೈದು ರೂಪಾಯಿಯ ಆಸುಪಾಸು ಕೊಟ್ಟು ಬಂಡಲ್‌ಗಟ್ಟಲೆ ತಂದೆ. ಹಂಚದೇ ಉಳಿದಿದ್ದೇ ಅದರಲ್ಲಿ ಜಾಸ್ತಿ. ಯಾವ ದಿನ, ಎಷ್ಟು ಹೊತ್ತಿಗೆ ಹೋದರೆ ಒಳ್ಳೆ ಮಾಲು ಸಿಗುತ್ತದೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅಷ್ಟು ನನ್ನ ಹತ್ತಿರವೇ ಇರಲಿ. ಒಟ್ಟು ನಾನೂರಕ್ಕೂ ಮೇಲೆ ಬೇರೆ ಬೇರೆ ಕಾಗದಗಳು ಜಮೆಯಾದವು.

ನಡುವೆ ಪ್ರಚಾರದ ಆಟೋಗಳ ಹಿಂದೆಯೂ ಬಿದ್ದಿದ್ದೆ. ಮೈಕಿನಲ್ಲಿ ಬರುವುದನ್ನು ರೆಕಾರ್ಡ್ ಮಾಡಿ ಕರಪತ್ರದ ಜೊತೆ ಹೋಲಿಸೋಣ ಅಂತ. ಓಡುವ ಆಟೋದಿಂದ ಗಾಳಿ, ಹಾರ್ನ್ ಬಿಟ್ಟರೆ ಏನೂ ಸಿಗಲ್ಲ. ಡ್ರೈವರ್ ಊಟಕ್ಕೆ ನಿಲ್ಲಿಸುವ ಜಾಗ ಗೊತ್ತು ಮಾಡಿಕೊಂಡ ಮೇಲೆ ಸ್ಪಷ್ಟವಾಗಿ ಸಿಕ್ಕಿತು. ಆಟೋದಲ್ಲಿ ಹಾಡು ಜಾಸ್ತಿ, ಭರವಸೆ ಕಡಿಮೆ. ಚಿಹ್ನೆ ಮತ್ತು ಕ್ರಮಸಂಖ್ಯೆಯೇ ಮತ್ತೆ ಮತ್ತೆ. ಇದನ್ನು ಅರ್ಧಕ್ಕೇ ಬಿಟ್ಟೆ. ಯಾರಾದರೂ ಮುಂದುವರಿಸಿದರೆ ರೆಕಾರ್ಡಿಂಗ್ ಕೊಡುತ್ತೇನೆ.

ಇನ್ನೊಂದು ಅಡ್ಡದಾರಿಯನ್ನೂ ಹೇಳಲೇಬೇಕು. ಧಾರವಾಡ ಕ್ಷೇತ್ರದ ಕಾಂಗ್ರೆಸ್ ಅಭ್ಯರ್ಥಿ ವಿನಯ ಕುಲಕರ್ಣಿ ಅವರಿಗೆ ಜಾಮೀನಿನ ಷರತ್ತಿನಿಂದಾಗಿ ಜಿಲ್ಲೆಯೊಳಗೆ ಕಾಲಿಡುವ ಹಾಗಿರಲಿಲ್ಲ. ಪತ್ನಿ ಊರೂರು ತಿರುಗಿದರು, ಕುಲಕರ್ಣಿ ಹೊರಗಿನಿಂದ ವಿಡಿಯೊದಲ್ಲಿ ಮಾತಾಡಿದರು. ಸುಮಾರು ಹದಿನೆಂಟು ಸಾವಿರ ಮತಗಳಿಂದ ಗೆದ್ದರು. ರಾಜಕೀಯ ಸಂವಹನ ಓದುವವರಿಗೆ ಇಂಥ ಸಂದರ್ಭ ಮತ್ತೆ ಸಿಗುತ್ತದೋ ಇಲ್ಲವೋ. ಗರಗದಲ್ಲಿ ಒಂದು ಕಟ್ಟೆ ಮೇಲೆ ಕೂತವರನ್ನು "ಅಭ್ಯರ್ಥಿಯನ್ನ ಯಾವಾಗ ನೋಡಿದ್ರಿ?" ಅಂತ ಕೇಳಿದೆ. "ನಿನ್ನೆನೇ ನೋಡೀವಿ" ಅಂದರು. ಎಲ್ಲಿ ಅಂದರೆ ಫೋನ್ ಎತ್ತಿ ತೋರಿಸಿದರು. ಅತ್ತ ಹುಬ್ಬಳ್ಳಿ-ಧಾರವಾಡ ಸೆಂಟ್ರಲ್‌ನಲ್ಲಿ, ಹುಬ್ಬಳ್ಳಿ ಭಾಗದಿಂದ ಆರು ಸಲ ಶಾಸಕರಾಗಿ ಗೆದ್ದು ಮನೆ ಮನೆಗೂ ಪರಿಚಯವಿದ್ದ ಜಗದೀಶ ಶೆಟ್ಟರ್, ಬಿಜೆಪಿ ಬಿಟ್ಟು ಏಪ್ರಿಲ್ 17ಕ್ಕೆ ಕಾಂಗ್ರೆಸ್ ಸೇರಿ, ಬಿಜೆಪಿಯ ಮಹೇಶ ಟೆಂಗಿನಕಾಯಿ ಎದುರು ಸುಮಾರು ಮೂವತ್ತನಾಲ್ಕು ಸಾವಿರದಿಂದ ಸೋತರು. ಎರಡೂ ಕ್ಷೇತ್ರ ಒಂದೇ ಜಿಲ್ಲೆಯವು. ಮುಖ ಕಂಡರೆ ಮತ ಅನ್ನುವ ಸೂತ್ರವನ್ನು ನನ್ನ ಟಿಪ್ಪಣಿಯಿಂದ ಅವತ್ತೇ ಹೊಡೆದು ಹಾಕಿದೆ.

ಈಗ ಮನೆಗಳಿಗೆ ಬರೋಣ. ಮೇ 10ಕ್ಕೆ ಮತದಾನ, 13ಕ್ಕೆ ಎಣಿಕೆ. ಕಾಂಗ್ರೆಸ್ 135, ಬಿಜೆಪಿ 66, ಜೆಡಿಎಸ್ 19. ಜೂನ್ ನಡುವಿನಿಂದ ಮನೆಗಳಿಗೆ ಹೋಗಲು ಶುರು ಮಾಡಿದೆ. ಗದ್ದಲ ಮುಗಿದಿತ್ತು, ಜನ ಕೂತು ಮಾತಾಡುವ ಮನಸ್ಥಿತಿಯಲ್ಲಿದ್ದರು. ಎಲ್ಲ ಸೇರಿ ನೂರಿಪ್ಪತ್ತು ಮನೆ ಇರಬಹುದು. ಬಾಗಿಲಲ್ಲಿ ನಿಂತು ಮೊದಲು ಏನು ಕೇಳುತ್ತೇನೆ ಅನ್ನುವುದೇ ಈ ವಿಧಾನದ ಕೀಲಿ. ಅದನ್ನೂ ಸದ್ಯಕ್ಕೆ ಹೇಳುವುದಿಲ್ಲ. ಸರ್ಕಾರದವರು ಅಂತ ಅವರು ತಿಳಿಯಬಾರದು, ಪಕ್ಷದವರು ಅಂತಲೂ ತಿಳಿಯಬಾರದು, ಅಷ್ಟು ನೆನಪಿಡಿ.

ಹೆಚ್ಚಿನ ಮನೆಗಳಲ್ಲಿ ಕರಪತ್ರ ಒಂದೂ ಇರಲಿಲ್ಲ. ಕೆಲವು ಕಡೆ ಡಬ್ಬಿಯ ಕೆಳಗೆ ಹಾಸಿದ್ದರು. ದೇವರ ಫೋಟೊ ಇದ್ದಿದ್ದನ್ನು ಕಪಾಟಿಗೆ ಅಂಟಿಸಿದ್ದರು. ಕ್ಯಾಲೆಂಡರ್ ಮಾತ್ರ ಮೊಳೆಯಲ್ಲೇ ಇತ್ತು. ಆದರೆ ಕಾಂಗ್ರೆಸ್ ತನ್ನ ಭರವಸೆಗಳನ್ನು ಅಚ್ಚು ಹಾಕಿಸಿ ಮನೆ ಮನೆಗೆ ಹಂಚಿದ್ದ ಗ್ಯಾರಂಟಿ ಕಾರ್ಡ್ ಇದ್ದ ಜಾಗವೇ ಬೇರೆ. ಹಳೇ ಹುಬ್ಬಳ್ಳಿಯ ಒಂದು ಮನೆಯಲ್ಲಿ ಅಜ್ಜಿ ಟ್ರಂಕಿನಿಂದ ಪ್ಲಾಸ್ಟಿಕ್ ಕವರ್ ತೆಗೆದರು. ಮೇಲೆ ಗ್ಯಾಸ್ ಪುಸ್ತಕ, ಕೆಳಗೆ ರೇಷನ್ ಕಾರ್ಡ್, ಆಧಾರ್, ಬ್ಯಾಂಕ್ ಪಾಸ್‌ಬುಕ್. ರೇಷನ್ ಕಾರ್ಡಿನ ಮಡಿಕೆಯೊಳಗೆ ಗ್ಯಾರಂಟಿ ಕಾರ್ಡ್. ಸಿದ್ದರಾಮಯ್ಯ, ಡಿ.ಕೆ. ಶಿವಕುಮಾರ್ ಇಬ್ಬರ ಸಹಿ ಇರುವ ಕಡೆಗೆ ಬೆರಳಿಟ್ಟು "ಸಹಿ ಐತಿ, ಕಳೀಬಾರ್ದು" ಅಂದರು. ಆ ಮನೆಯವರು ಯಾರಿಗೆ ಮತ ಹಾಕಿದ್ದಾರೆ ಅಂತ ನಾನು ಕೇಳಲಿಲ್ಲ. ಗೋಡೆ ಮೇಲೆ ಇದ್ದಿದ್ದು ಬಿಜೆಪಿ ಅಭ್ಯರ್ಥಿಯ ಕ್ಯಾಲೆಂಡರ್.

ಕಾರ್ಡ್ ಸಿಕ್ಕ ಮನೆಗಳು ಐವತ್ತರ ಆಸುಪಾಸು. ಅದರಲ್ಲಿ ಮೂವತ್ತಕ್ಕೂ ಹೆಚ್ಚು ಕಡೆ ಅದು ಸರ್ಕಾರಿ ದಾಖಲೆಗಳ ಜೊತೆಯೇ ಇತ್ತು. ಜುಲೈನಲ್ಲಿ ಗೃಹಲಕ್ಷ್ಮಿ ನೋಂದಣಿ ಶುರುವಾದಾಗ ಅದನ್ನು ಕೈಯಲ್ಲಿ ಹಿಡಿದು ಸಾಲಿಗೆ ಬಂದ ಹೆಂಗಸರನ್ನೂ ನೋಡಿದೆ. ಪಕ್ಷ ಅದನ್ನು ಪ್ರಚಾರ ಅಂತ ಕೊಟ್ಟಿತ್ತು, ಮನೆಯವರು ಅರ್ಜಿ ಅಂತ ಓದಿಕೊಂಡಿದ್ದರು. ಆರು ತಿಂಗಳ ಕೆಲಸದಲ್ಲಿ ನನಗೆ ಸಿಕ್ಕ ಮುಖ್ಯ ವಿಷಯ ಇದು. ಭಾಷಣಗಳಲ್ಲಿ ಮಹದಾಯಿ, ಕಳಸಾ-ಬಂಡೂರಿ ನೀರಿನ ವಿಷಯ ದಿನಾ ಕೇಳುತ್ತಿತ್ತು. ಅದರ ಬಗ್ಗೆ ಮೂರೂ ಪಕ್ಷಗಳ ಕರಪತ್ರ ನನ್ನ ಹತ್ತಿರ ಇವೆ. ಮನೆಯಲ್ಲಿ ಉಳಿದಿದ್ದು ಒಂದೂ ಇಲ್ಲ. ಕಚೇರಿಗೆ ತೆಗೆದುಕೊಂಡು ಹೋಗಿ ತೋರಿಸುವಂಥದ್ದು ಅದರಲ್ಲಿ ಏನಿದೆ, ಹೇಳಿ?

ಕಾರ್ಡಿಗೆ ದಿನಾಂಕ ಹಚ್ಚುವುದು ಸುಲಭ. ಗೃಹಜ್ಯೋತಿ, ಗೃಹಲಕ್ಷ್ಮಿ ಎರಡೂ ಜನವರಿಯಲ್ಲಿ ಘೋಷಣೆಯಾದವು. ಅನ್ನಭಾಗ್ಯ ಫೆಬ್ರವರಿಯಲ್ಲಿ, ಯುವನಿಧಿ ಮಾರ್ಚ್ 20ಕ್ಕೆ ಬೆಳಗಾವಿಯಲ್ಲಿ. ಹೆಂಗಸರ ಉಚಿತ ಬಸ್ ಏಪ್ರಿಲ್ 27ಕ್ಕೆ ಮಂಗಳೂರಿನಲ್ಲಿ. ಕಾಗದದಲ್ಲಿ ಎಷ್ಟು ಗ್ಯಾರಂಟಿ ಇವೆ ಅಂತ ಎಣಿಸಿದರೆ ಅದು ಯಾವಾಗಿನದು ಅಂತ ಗೊತ್ತಾಗುತ್ತದೆ. ನಾನು ಕಂಡಿದ್ದರಲ್ಲಿ ಹಳೆಯವೇ ಹೆಚ್ಚು. ಅಂದರೆ ನೀತಿ ಸಂಹಿತೆ ಬರುವ ಮೊದಲೇ ಮನೆ ಸೇರಿದ್ದವು. ಬಿಜೆಪಿಯ ಪ್ರಣಾಳಿಕೆಯಲ್ಲೂ ಮನೆಗೆ ತಾಗುವ ಮಾತು ಇತ್ತಲ್ಲ: ಬಿಪಿಎಲ್ ಕುಟುಂಬಕ್ಕೆ ದಿನಾ ಅರ್ಧ ಲೀಟರ್ ನಂದಿನಿ ಹಾಲು, ವರ್ಷಕ್ಕೆ ಮೂರು ಸಿಲಿಂಡರ್. ಅದು ಬಂದಿದ್ದು ಮೇ 1ಕ್ಕೆ. ಒಂಬತ್ತು ದಿನದಲ್ಲಿ ಅಚ್ಚಾಗಿ ಹಳ್ಳಿಯ ಟ್ರಂಕ್ ತಲುಪುವುದು ಕಷ್ಟ. ಹಾಲಿನ ಭರವಸೆ ಇದ್ದ ಕಾಗದ ನನಗೆ ಮನೆಗಳಲ್ಲಿ ಎರಡೋ ಮೂರೋ ಸಿಕ್ಕಿತು, ರದ್ದಿಯಲ್ಲಿ ಬಂಡಲ್ ಸಿಕ್ಕಿತು. ಕೊನೆಯ ವಾರ ಟಿವಿ ತುಂಬ ಬಜರಂಗದಳ, ಬಜರಂಗಬಲಿ. ಆ ವಿಷಯದ ಕಾಗದವೂ ಮನೆಗಳಲ್ಲಿ ಇಲ್ಲ.

ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಈ ಅಧ್ಯಾಯದ ಮೇಲೇ ಹೆಚ್ಚು ಹೊತ್ತು ಕೂತರು. ಫೋಟೊ ಆಲ್ಬಂ ಪುಟ ಪುಟ ತಿರುಗಿಸಿ ನೋಡಿದರು. ತರಗತಿಯಲ್ಲಿ ಒಳ್ಳೆಯ ಅಂಕ ಬಂದ ಪ್ರಬಂಧಗಳಲ್ಲಿ ನನ್ನದೂ ಒಂದು. ಆದರೂ ವಿಭಾಗದಲ್ಲಿ ಒಂದು ಮಾತು ಉಳಿದಿತ್ತು: "ಕಾಗದ ಇಟ್ಟುಕೊಂಡರೆ ಮತ ಹಾಕಿದ ಹಾಗಾ?" ನಾನು ಹಾಗೆ ಎಲ್ಲೂ ಬರೆದಿಲ್ಲ. ಸಂದೇಶ ಮನೆಯೊಳಗೆ ಏನಾಗಿ ಮಾರ್ಪಡುತ್ತದೆ ಅನ್ನುವುದಷ್ಟೇ ನನ್ನ ಪ್ರಶ್ನೆ. 2024ರಲ್ಲಿ ಧಾರವಾಡ ಲೋಕಸಭೆಗೆ ಪ್ರಲ್ಹಾದ ಜೋಶಿಯವರೇ ಮತ್ತೆ ಗೆದ್ದರು, ನಾನು ಕಂಡ ಟ್ರಂಕುಗಳಲ್ಲಿ ಗ್ಯಾರಂಟಿ ಕಾರ್ಡ್ ಇದ್ದೇ ಇದ್ದವು.

ಆ ಸಲ ಅನುಮಾನ ಪಟ್ಟವರಿಗೆ ಉತ್ತರ ಹೊರಗಿನಿಂದಲೇ ಬಂತು. 2024ರ ಮೇ 2ಕ್ಕೆ ಚುನಾವಣಾ ಆಯೋಗ ಪಕ್ಷಗಳಿಗೆ ಸೂಚನೆ ಕೊಟ್ಟಿತು: ಚುನಾವಣೆ ನಂತರದ ಯೋಜನೆಗಳಿಗೆ ಸಮೀಕ್ಷೆಯ ನೆಪದಲ್ಲಿ ಮತದಾರರ ಹೆಸರು ನೋಂದಾಯಿಸಿಕೊಳ್ಳಬೇಡಿ ಅಂತ. ತಿಂಗಳ ಕೊನೆಗೆ ಬೆಂಗಳೂರಿನ ಜನರಲ್ ಪೋಸ್ಟ್ ಆಫೀಸ್ ಮುಂದೆ ಖಾತೆ ತೆರೆಯಲು ಹೆಂಗಸರು ಸಾಲು ನಿಂತರು, ಕಾಂಗ್ರೆಸ್ ಹೇಳಿದ ಹಾಗೆ ತಿಂಗಳಿಗೆ 8,500 ರೂಪಾಯಿ ಬರುತ್ತದೆ ಅನ್ನುವ ನಂಬಿಕೆಯಲ್ಲಿ. ಫಲಿತಾಂಶ ಬಂದ ಮೇಲೆ ಲಖನೌದ ಕಾಂಗ್ರೆಸ್ ಕಚೇರಿಗೆ ಅಲ್ಲಿನ ಹೆಂಗಸರು ಗ್ಯಾರಂಟಿ ಕಾರ್ಡ್ ಹಿಡಿದು ಬಂದರು. ಸುದ್ದಿ ನೋಡಿ ವಿಭಾಗದಿಂದ ಇಬ್ಬರು ನನಗೆ ಫೋನ್ ಮಾಡಿದರು. ನಾನು ಹಿಂದಿನ ವರ್ಷವೇ ಬರೆದಿದ್ದೆ ಅಲ್ವಾ? ಒಂದು ಪ್ರಚಾರ ಸಂಸ್ಥೆಯೂ ವಿಧಾನ ಹೇಳಿಕೊಡಿ ಅಂತ ಕೇಳಿತು. ಕೊಡಲಿಲ್ಲ. ಆ ಮನೆಯವರು ಟ್ರಂಕ್ ತೆರೆದಿದ್ದು ವಿದ್ಯಾರ್ಥಿ ಅಂತ ನಂಬಿ.

ಇದೇ ಕಾರಣಕ್ಕೆ ಒಂದು ವಿಷಯದಲ್ಲಿ ನಾನು ಕಟ್ಟುನಿಟ್ಟು. ಕವರ್ ಫೋಟೊ ತೆಗೆಯಿರಿ, ಆಧಾರ್, ರೇಷನ್ ನಂಬರ್ ಫ್ರೇಮಿನಲ್ಲಿ ಬರಬಾರದು. ಕಾಗದವನ್ನು ಕೇಳಿ ತಗೊಂಡು ಹೋಗಬೇಡಿ. ಅವರಿಗೆ ಅದು ದಾಖಲೆ.

ಖರ್ಚು ಕೇಳುತ್ತೀರಿ, ಹೇಳುತ್ತೇನೆ. 2023ರಲ್ಲಿ ಎಲ್ಲ ಸೇರಿ ಏಳು ಸಾವಿರದ ಹತ್ತಿರ ಆಯಿತು. ಅರ್ಧದಷ್ಟು ಬಸ್ಸಿಗೆ, ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿಗೆ. ಉಳಿದದ್ದು ಜೆರಾಕ್ಸ್, ಮೆಮೊರಿ ಕಾರ್ಡ್, ರದ್ದಿ, ಫೈಲ್ ಕವರ್, ಚಹಾ. ಕೆಲಸಕ್ಕೆ ಬಾರದ ಪ್ರಶ್ನಾವಳಿ, ವಾಟ್ಸ್‌ಆ್ಯಪ್ ಕಳೆದರೆ ಐದು ಸಾವಿರದೊಳಗೆ ಆಗುತ್ತಿತ್ತು. 2024ರಲ್ಲಿ ಇನ್ನೂ ಕಡಿಮೆ, ಎರಡೂವರೆ ಸಾವಿರ ದಾಟಲಿಲ್ಲ. ಗರಗದ ಬಸ್ಸಿನಲ್ಲಿ ನನಗೂ ಶೂನ್ಯ ದರದ ಟಿಕೆಟ್. ಆ ಟಿಕೆಟ್‌ಗಳನ್ನೂ ಆಲ್ಬಮ್ಮಿನಲ್ಲಿ ಅಂಟಿಸಿದ್ದೇನೆ, ಅವೂ ಐದನೇ ಗ್ಯಾರಂಟಿಯಾದ ಹೆಂಗಸರ ಉಚಿತ ಬಸ್ಸಿನಿಂದಲೇ ಬಂದವು.

ಮುಂದಿನ ಸಲ ಇದನ್ನು ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಮಾಡಬೇಕು. ಅಲ್ಲಿ ಪಕ್ಷದ ಚಿಹ್ನೆ ಇರುವುದಿಲ್ಲ, ಅಭ್ಯರ್ಥಿ ಪಕ್ಕದ ಮನೆಯವನೇ. ಕರಪತ್ರ ಐನೂರಕ್ಕಿಂತ ಹೆಚ್ಚು ಅಚ್ಚಾಗುವುದೂ ಅನುಮಾನ. ಗರಗದಲ್ಲಿ ಇಬ್ಬರು ಮುದ್ರಕರ ಜೊತೆ ಮಾತಾಡಿದ್ದೇನೆ. ಕುಂದಗೋಳ, ಕಲಘಟಗಿ ಕಡೆಯವರು ಯಾರಾದರೂ ಕೈಜೋಡಿಸಿದರೆ ಜಿಲ್ಲೆಯ ಇನ್ನೆರಡು ತಾಲ್ಲೂಕು ಸೇರಿಸಿಕೊಳ್ಳಬಹುದು.