ಇಂಗ್ಲೆಂಡಿನಲ್ಲಿ ಮನೆಗೆ ಎಲೆಕ್ಟ್ರಿಷಿಯನ್ ಕರೆಸುವ ಮುಂಚೆ

ಅಕ್ಕನ ಮಗಳು ಮಿಲ್ಟನ್ ಕೀನ್ಸ್‌ನಲ್ಲಿ ಮನೆ ಕೊಂಡಿದ್ದಾಳೆ. ಮೊನ್ನೆ ರಾತ್ರಿ ಫೋನ್ ಮಾಡಿದಳು. "ಚಿಕ್ಕಮ್ಮ, ಅಡುಗೆಮನೆಯಲ್ಲಿ ಗ್ರೈಂಡರ್‌ಗೆ ಒಂದು ಪಾಯಿಂಟ್ ಹಾಕಿಸಬೇಕು. ಒಬ್ಬ ಬಂದು ನೋಡಿಕೊಂಡು ಹೋದ. ಕ್ಯಾಶ್ ಕೊಟ್ಟರೆ ಅರ್ಧ ದುಡ್ಡಿಗೆ ಮಾಡ್ತೀನಿ ಅಂತಾನೆ. ಮಾಡಿಸಲಾ?"

"ಬಿಲ್ಲು, ಸರ್ಟಿಫಿಕೇಟು ಕೊಡ್ತಾನಾ ಕೇಳಿದ್ಯಾ?" ಅಂದೆ.

"ಒಂದು ಪಾಯಿಂಟಿಗೆ ಸರ್ಟಿಫಿಕೇಟಾ?"

ಅವಳ ಪ್ರಶ್ನೆಯಲ್ಲಿ ತಪ್ಪಿಲ್ಲ. ಜಯನಗರದಲ್ಲಿ ಬೆಳೆದ ಹುಡುಗಿ. ಇಲ್ಲಿ ಫ್ಯಾನ್ ನಿಂತರೆ ಹತ್ತಿರದ ಎಲೆಕ್ಟ್ರಿಕಲ್ ಅಂಗಡಿಗೆ ಹೋಗಿ "ಯಾರನ್ನಾದ್ರೂ ಕಳಿಸಿ ಅಣ್ಣ" ಅಂತೇವೆ. ಸಂಜೆಯೊಳಗೆ ಒಬ್ಬರು ಟೆಸ್ಟರ್, ಕಟಿಂಗ್ ಪ್ಲೇಯರ್ ಹಿಡಿದು ಬರುತ್ತಾರೆ. ಸ್ವಿಚ್ ಬೇಕಾದರೆ ಅವರೇ ತರುತ್ತಾರೆ. ಕೈಗೆ ದುಡ್ಡು ಕೊಟ್ಟರೆ ಮುಗಿಯಿತು. ಹತ್ತು ವರ್ಷದಿಂದ ಅದೇ ಮನುಷ್ಯ ಬರುತ್ತಿದ್ದಾರೆ, ಅದೇ ನಮಗೆ ಗ್ಯಾರಂಟಿ. ನಾನು ರೆಡಿಂಗ್‌ನಲ್ಲಿ ಹನ್ನೊಂದು ವರ್ಷ ಇದ್ದು ಬೆಂಗಳೂರಿಗೆ ವಾಪಸ್ ಬಂದವಳು. ಅಲ್ಲಿ ಮೊದಲ ಕೆಲವು ವರ್ಷ ನಾನೂ ಇದೇ ಅಭ್ಯಾಸದಲ್ಲಿ ಮನೆ ನಡೆಸಿದೆ. ಅದಕ್ಕೆ ಬೆಲೆ ತೆತ್ತೆ. ಅವಳಿಗೆ ಫೋನಿನಲ್ಲಿ ಹೇಳಿದ್ದನ್ನು ಅಲ್ಲಿರುವ, ಅಲ್ಲಿಗೆ ಹೊರಟಿರುವ ಎಲ್ಲರಿಗೂ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ನಮಗೆ ಆದದ್ದು ಇಷ್ಟು. ಹಿತ್ತಲಿನ ಶೆಡ್ಡಿಗೆ ಹೊಸ ಲೈನ್ ಎಳೆಸಿದ್ದೆವು. ಗೆಳೆಯರೊಬ್ಬರು ಹೇಳಿದ ಎಲೆಕ್ಟ್ರಿಷಿಯನ್. ಕೆಲಸ ನೋಡಲು ಚೆನ್ನಾಗಿತ್ತು, ದೀಪ ಉರಿಯಿತು, ದುಡ್ಡು ಕೊಟ್ಟೆವು. ನಾಲ್ಕು ವರ್ಷ ಆದಮೇಲೆ ಮನೆ ಮಾರಲು ಹೊರಟಾಗ ನಮ್ಮ ಲಾಯರ್ ಒಂದು ಫಾರಂ ಕಳಿಸಿದರು. ಟಿಎ6 ಅಂತ ಅದರ ಹೆಸರು. ಮಾರುವವರು ಮನೆ ಬಗ್ಗೆ ಕೊಡಬೇಕಾದ ವಿವರಗಳ ಫಾರಂ ಅದು. 2005ರ ಜನವರಿ 1ರ ನಂತರ ಮನೆಯಲ್ಲಿ ವೈರಿಂಗ್ ಕೆಲಸ ಮಾಡಿಸಿದ್ದೀರಾ, ಅದರ ಸರ್ಟಿಫಿಕೇಟ್ ಎಲ್ಲಿ ಎಂಬ ಪ್ರಶ್ನೆ ಅದರಲ್ಲಿತ್ತು. ನಮ್ಮ ಹತ್ತಿರ ಇರಲಿಲ್ಲ. ಆ ಮನುಷ್ಯ ಫೋನ್ ಎತ್ತಲಿಲ್ಲ. ಬೇರೆಯವರನ್ನು ಕರೆಸಿ ಇಡೀ ಮನೆ ಪರೀಕ್ಷೆ ಮಾಡಿಸಬೇಕಾಯಿತು. ಶೆಡ್ಡಿನ ಲೈನಿಗೆ ಸರಿಯಾದ ಅರ್ಥಿಂಗೇ ಇಲ್ಲ ಅಂತ ಆಗ ಗೊತ್ತಾಯಿತು. ನಾಲ್ಕು ವರ್ಷ ನನ್ನ ಮಗ ಆ ಶೆಡ್ಡಿನಲ್ಲಿ ಕೂತು ಸೈಕಲ್ ರಿಪೇರಿ ಮಾಡುತ್ತಿದ್ದ. ಮನೆ ಮಾರಾಟ ತಡವಾದದ್ದು ನನಗೆ ಮರೆತೇಹೋಗಿದೆ. ಈ ಮಾತು ಮಾತ್ರ ಇವತ್ತಿಗೂ ಎದೆ ಹಿಂಡುತ್ತದೆ.

2005 ಯಾಕೆ ಅಂದರೆ, ಆ ವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ನ ಕಟ್ಟಡ ನಿಯಮಗಳಿಗೆ ಪಾರ್ಟ್ ಪಿ ಎಂಬ ಭಾಗ ಸೇರಿತು. ಮನೆಯ ವೈರಿಂಗ್ ಪೂರ್ತಿ ಅದರ ಕೆಳಗೆ ಬರುತ್ತದೆ. ಸ್ಕಾಟ್ಲೆಂಡಿನ ನಿಯಮ ಬೇರೆ. ನಾನು ಹೇಳುವುದು ಇಂಗ್ಲೆಂಡಿನ ಲೆಕ್ಕ. ಹೊಸ ಸರ್ಕ್ಯೂಟ್ (ಫ್ಯೂಸ್ ಬಾಕ್ಸಿನಿಂದಲೇ ಬೇರೆ ಲೈನ್) ಎಳೆಸಿದರೆ, ಫ್ಯೂಸ್ ಬಾಕ್ಸ್ ಬದಲಾಯಿಸಿದರೆ, ಸ್ನಾನದ ತೊಟ್ಟಿ ಅಥವಾ ಶವರ್ ಹತ್ತಿರ ಹೊಸದಾಗಿ ಏನಾದರೂ ಜೋಡಿಸಿದರೆ ಅದನ್ನು ಊರಿನ ಸ್ಥಳೀಯ ಆಡಳಿತವಾದ ಕೌನ್ಸಿಲ್‌ಗೆ ತಿಳಿಸಲೇಬೇಕು. ಮನೆಯ ಎಲ್ಲ ಲೈನುಗಳೂ ಹೊರಡುವ ಪೆಟ್ಟಿಗೆ, ನಮ್ಮಲ್ಲಿ ಡಿಬಿ ಅನ್ನುವುದಕ್ಕೆ ಅಲ್ಲಿ ಕನ್ಸ್ಯೂಮರ್ ಯೂನಿಟ್ ಅಂತಾರೆ. ಹಳಬರು ಫ್ಯೂಸ್ ಬಾಕ್ಸ್ ಅಂತಲೇ ಕರೆಯುತ್ತಾರೆ. ಇರುವ ಸರ್ಕ್ಯೂಟಿಗೇ ಒಂದು ಪಾಯಿಂಟ್ ಸೇರಿಸುವುದು, ಕೆಟ್ಟ ಸ್ವಿಚ್ ಬದಲಾಯಿಸುವುದು ಇಂಥವಕ್ಕೆ ಕೌನ್ಸಿಲ್ ಬೇಡ. 2013ರಿಂದ ಅಡುಗೆಮನೆಗೂ ಇದೇ ಮಾತು.

ಕೌನ್ಸಿಲ್‌ಗೆ ತಿಳಿಸುವುದು ಅಂದರೆ ನೀವು ಆಫೀಸಿಗೆ ಅಲೆಯಬೇಕು ಅಂತ ಅಲ್ಲ. ಎನ್‌ಐಸಿಇಐಸಿ, ನ್ಯಾಪಿಟ್ ಎಂಬ ಸಂಸ್ಥೆಗಳಿವೆ. ಇವುಗಳಲ್ಲಿ ನೋಂದಾಯಿಸಿದ ಎಲೆಕ್ಟ್ರಿಷಿಯನ್ ತನ್ನ ಕೆಲಸ ಸರಿಯಾಗಿದೆ ಅಂತ ತಾನೇ ದೃಢೀಕರಿಸಬಹುದು. ಸಂಸ್ಥೆಯ ಮೂಲಕ ಕೌನ್ಸಿಲ್‌ಗೆ ತಿಳಿಸುವುದು ಅವರ ಜವಾಬ್ದಾರಿ. ಕೆಲಸ ಮುಗಿದ 30 ದಿನದೊಳಗೆ ನಿಮಗೆ ಕಟ್ಟಡ ನಿಯಮದ ಸರ್ಟಿಫಿಕೇಟ್ ಬರಬೇಕು. ತಿಳಿಸಲೇಬೇಕಾದಂಥ ಕೆಲಸವನ್ನು ನೋಂದಣಿ ಇಲ್ಲದವರಿಂದ ಮಾಡಿಸಿದರೆ, ಸಾಮಾನ್ಯವಾಗಿ ಕೆಲಸ ಶುರುವಾಗುವ ಮುಂಚೆಯೇ ಕೌನ್ಸಿಲ್‌ಗೆ ಹೇಳಿ, ಶುಲ್ಕ ಕಟ್ಟಿ ಒಪ್ಪಿಗೆ ಪಡೆಯಬೇಕು. ಅರ್ಧ ದುಡ್ಡು ಉಳಿಯಿತು ಅನ್ನುವ ಲೆಕ್ಕ ಅಲ್ಲೇ ತಲೆಕೆಳಗಾಗುತ್ತದೆ.

ಹಾಗಾಗಿ ವ್ಯಾನಿನ ಮೇಲಿನ ಗುರುತು ನೋಡಿ ನಂಬಬೇಡಿ. ಸ್ಟಿಕ್ಕರ್ ಯಾರು ಬೇಕಾದರೂ ಅಂಟಿಸಬಹುದು. ನೋಂದಣಿ ಸಂಖ್ಯೆ ಕೇಳಿ, ಆ ಸಂಸ್ಥೆಯ ಜಾಲತಾಣದಲ್ಲಿ ಹಾಕಿ ನೋಡಿ. ಎರಡು ನಿಮಿಷದ ಕೆಲಸ. ಕೇಳಿದರೆ ಬೇಜಾರು ಮಾಡಿಕೊಳ್ಳುತ್ತಾರೇನೋ ಅಂತ ನಮಗೆ ಸಂಕೋಚ ಇರುತ್ತದೆ. ಅಲ್ಲಿ ಅದು ದಿನನಿತ್ಯದ ಮಾತು, ಒಳ್ಳೆಯ ಕೆಲಸಗಾರರು ತಾವಾಗಿಯೇ ಹೇಳುತ್ತಾರೆ.

ಕರೆಸುವ ಮುಂಚೆ ಮನೆಯಲ್ಲೇ ನೋಡಿಕೊಳ್ಳುವ ಎರಡು ಮೂರು ವಿಷಯ ಇವೆ. ಕರೆಂಟ್ ಹೋದರೆ ಮೊದಲು ಪಕ್ಕದ ಮನೆ ದೀಪ ನೋಡಿ. ಅಲ್ಲೂ ಇಲ್ಲ ಅಂದರೆ 105ಕ್ಕೆ ಫೋನ್ ಮಾಡಿ. ಇಲ್ಲಿ ಬೆಸ್ಕಾಂಗೆ 1912 ಇದ್ದ ಹಾಗೆ. ಆದರೆ ಒಂದು ವ್ಯತ್ಯಾಸ. ಬೆಂಗಳೂರಿನಲ್ಲಿ ತಂತಿಯೂ ಬೆಸ್ಕಾಂನದು, ಬಿಲ್ಲೂ ಬೆಸ್ಕಾಂನದು. ಅಲ್ಲಿ ತಂತಿ ನೋಡಿಕೊಳ್ಳುವ ಕಂಪನಿ ಬೇರೆ, ಬಿಲ್ ಕಳಿಸುವ ಕಂಪನಿ ಬೇರೆ. ಮೀಟರ್ ಪಕ್ಕದ ಸೀಲ್ ಹಾಕಿದ ಮೇನ್ ಫ್ಯೂಸ್ ತಂತಿ ಕಂಪನಿಯದು. ನಿಮ್ಮ ಎಲೆಕ್ಟ್ರಿಷಿಯನ್ ಅದರ ಸೀಲ್ ಒಡೆಯುವಂತಿಲ್ಲ, ನೀವಂತೂ ಮುಟ್ಟಲೇಬೇಡಿ.

ಒಂದೇ ಸಾಮಾನು ಕೆಲಸ ಮಾಡುತ್ತಿಲ್ಲವೇ? ಅಲ್ಲಿಯ ಮೂರು ಕಡ್ಡಿಯ ಪ್ಲಗ್ಗಿನ ಒಳಗೇ ಒಂದು ಚಿಕ್ಕ ಫ್ಯೂಸ್ ಇರುತ್ತದೆ. ಅದು ಹೋಗಿರಬಹುದು. ಸುಮಾರು 700 ವ್ಯಾಟ್ ತನಕ 3 ಆಂಪ್, ಅದಕ್ಕಿಂತ ಜಾಸ್ತಿ ಆದರೆ 13 ಆಂಪ್ ಹಾಕುವುದು ರೂಢಿ. ಇಲ್ಲಿಂದ ಒಯ್ದ ಮಿಕ್ಸಿ, ಗ್ರೈಂಡರ್ ಅಲ್ಲಿಯ 230 ವೋಲ್ಟಿಗೆ ಸರಿಹೋಗುತ್ತವೆ, ಪ್ಲಗ್ ಮಾತ್ರ ಬದಲಾಗಬೇಕು. ಇಡೀ ಅಡುಗೆಮನೆ ಟ್ರಿಪ್ ಆದರೆ ಎಲ್ಲ ಪ್ಲಗ್ ಕಿತ್ತು, ಸ್ವಿಚ್ ಮೇಲೆತ್ತಿ, ಒಂದೊಂದೇ ಹಾಕುತ್ತಾ ಬನ್ನಿ. ಯಾವುದು ಹಾಕಿದಾಗ ಬೀಳುತ್ತದೋ ಅದೇ ಕೆಟ್ಟಿದೆ. ಅಲ್ಲಿಯ ಆರ್‌ಸಿಡಿ (ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್) 30 ಮಿಲಿ ಆಂಪ್ ಸೋರಿದರೂ ಬೀಳುತ್ತದೆ. ಗ್ರೈಂಡರ್ ತೊಳೆದಾಗ ಮೋಟಾರಿಗೆ ನೀರು ಇಳಿದರೆ ಸಾಕು. ಬೀಳುತ್ತದೆ ಅಂತ ಅದಕ್ಕೆ ಬೈಯಬೇಡಿ. ಪ್ರಾಣ ಉಳಿಸಲಿಕ್ಕೇ ಅದು ಬೀಳುವುದು.

ಇಷ್ಟರ ಮೇಲೆ ನೀವೇ ಕೈ ಹಾಕಬೇಡಿ. ಮುಖ್ಯವಾಗಿ, ಊರಿನಿಂದ ಬಂದ ಅಪ್ಪಂದಿರು ಕೈ ಹಾಕದಂತೆ ನೋಡಿಕೊಳ್ಳಿ. ಜೀವನವಿಡೀ ಮನೆಯ ಸ್ವಿಚ್ ತಾವೇ ಸರಿಮಾಡಿಕೊಂಡವರು ಅವರು, ಸುಮ್ನೆ ಕೂರುವುದಿಲ್ಲ. ಅಪಾಯ ಇರುವುದು ಬಣ್ಣದಲ್ಲಿ. ನಮ್ಮಲ್ಲಿ ಕೆಂಪು, ಹಳದಿ, ನೀಲಿ ಮೂರೂ ಫೇಸ್, ಕಪ್ಪು ನ್ಯೂಟ್ರಲ್. ಅಲ್ಲಿ ಈಗ ಕಂದು ಫೇಸ್, ನೀಲಿ ನ್ಯೂಟ್ರಲ್, ಹಸಿರು ಹಳದಿ ಪಟ್ಟೆ ಅರ್ಥ್. 2004ಕ್ಕಿಂತ ಮುಂಚೆ ವೈರಿಂಗ್ ಆದ ಮನೆಯಲ್ಲಿ ಕೆಂಪು ಫೇಸ್, ಕಪ್ಪು ನ್ಯೂಟ್ರಲ್. ಆಮೇಲೆ ಒಂದು ಕೋಣೆ ಸೇರಿಸಿದ್ದರೆ ಒಂದೇ ಮನೆಯಲ್ಲಿ ಎರಡೂ ಬಣ್ಣ ಇರುತ್ತವೆ. ದೀಪದ ಸ್ವಿಚ್ ಹಿಂದೆ ಇನ್ನೂ ಕಷ್ಟ. ಅಲ್ಲಿಗೆ ಬರುವ ನೀಲಿ ಅಥವಾ ಕಪ್ಪು ತಂತಿಯಲ್ಲೂ ಸ್ವಿಚ್ ಹಾಕಿದಾಗ ಕರೆಂಟ್ ಹರಿಯುತ್ತಿರುತ್ತದೆ. ನ್ಯೂಟ್ರಲ್ ಅಂದುಕೊಂಡು ಮುಟ್ಟಿದರೆ ಶಾಕ್ ಹೊಡೆಯುತ್ತದೆ.

ಬಾತ್‌ರೂಮಿನಲ್ಲಿ ವಾಷಿಂಗ್ ಮಷೀನ್ ಇಡುವ ಆಸೆ ಬಿಡಿ. ಸ್ನಾನದ ಜಾಗದಿಂದ 2.5 ಮೀಟರ್ ದೂರ ಇಲ್ಲದೆ ಅಲ್ಲಿ ಮಾಮೂಲಿ ಸಾಕೆಟ್ ಹಾಕುವಂತಿಲ್ಲ. ದೀಪಕ್ಕೂ ಹಗ್ಗ ಎಳೆಯುವ ಸ್ವಿಚ್ ಇರುವುದು ಇದೇ ಕಾರಣಕ್ಕೆ.

ಬಾಡಿಗೆ ಮನೆಯಲ್ಲಿದ್ದರೆ ಈ ತಲೆನೋವು ಮಾಲೀಕರದು. ಇಂಗ್ಲೆಂಡಿನಲ್ಲಿ 2020ರ ನಿಯಮದ ಪ್ರಕಾರ ಖಾಸಗಿ ಬಾಡಿಗೆ ಮನೆಯ ವೈರಿಂಗನ್ನು ಕನಿಷ್ಠ ಐದು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಬೇಕು. ಆ ವರದಿಗೆ ಇಐಸಿಆರ್ ಅಂತಾರೆ. ನೀವು ಮನೆಗೆ ಬರುವ ಮುಂಚೆಯೇ ಅದರ ಪ್ರತಿ ನಿಮಗೆ ಕೊಡಬೇಕು. ಸಿ1 ಅಂತ ಬರೆದಿದ್ದರೆ ಈಗಲೇ ಅಪಾಯ, ಸಿ2 ಅಂದರೆ ಅಪಾಯ ಆಗಬಹುದು. ಇವೆರಡನ್ನೂ 28 ದಿನದೊಳಗೆ ಸರಿಮಾಡಿಸಬೇಕು. ಇನ್ನೂ ಬೇಗ ಮಾಡಿ ಅಂತ ವರದಿಯಲ್ಲಿ ಇದ್ದರೆ ಅಷ್ಟು ಬೇಗ. ಸಿ3 ಬರೀ ಸಲಹೆ. ಕೀ ತೆಗೆದುಕೊಳ್ಳುವ ದಿನ ಮೀಟರ್ ರೀಡಿಂಗ್ ಬರೆದುಕೊಳ್ಳುತ್ತೀರಿ ಅಲ್ವಾ, ಆಗಲೇ ಈ ವರದಿಯನ್ನೂ ಕೇಳಿ ಇಸ್ಕೊಳ್ಳಿ.

ಈಗ ದುಡ್ಡಿನ ಮಾತು. ಇಲ್ಲಿ ಕೆಲಸ ಮುಗಿದ ಮೇಲೆ ಚೌಕಾಸಿ ಮಾಡುವುದುಂಟು. ಅಲ್ಲಿ ಎಲ್ಲ ಮಾತೂ ಮುಂಚೆಯೇ ಆಗಬೇಕು. ಎಸ್ಟಿಮೇಟ್ ಅಂದರೆ ಅಂದಾಜು, ಹೆಚ್ಚಾಗಬಹುದು. ಕೋಟ್ ಅಂದರೆ ಒಪ್ಪಿದ ಬೆಲೆ. ಬರೆದು ಕೊಡುವ ಕೋಟ್ ಕೇಳಿ, ಮೂರು ಕಡೆಯಿಂದ ತರಿಸಿ. ಬಂದು ನೋಡುವುದಕ್ಕೇ ದುಡ್ಡು ಇದೆಯೇ, ವ್ಯಾಟ್ (ನಮ್ಮ ಜಿಎಸ್‌ಟಿ ತರಹದ ತೆರಿಗೆ) ಸೇರಿದೆಯೇ ಅಂತ ಕೇಳಿ. ವ್ಯಾಟ್ 20 ಶೇಕಡಾ, ಸಣ್ಣ ಬಿಲ್ಲಲ್ಲ. ಆದರೆ ವರ್ಷಕ್ಕೆ 90,000 ಪೌಂಡಿಗಿಂತ ಕಡಿಮೆ ವಹಿವಾಟು ಇರುವವರು ವ್ಯಾಟ್‌ಗೆ ನೋಂದಾಯಿಸಬೇಕಿಲ್ಲ. ಒಬ್ಬರೇ ಕೆಲಸ ಮಾಡುವವರ ಬೆಲೆ ಕಡಿಮೆ ಇರಲು ಇದೂ ಒಂದು ನ್ಯಾಯವಾದ ಕಾರಣ. ಗೋಡೆ ಕೊರೆದರೆ ಪ್ಲಾಸ್ಟರ್, ಬಣ್ಣ ಯಾರು ಮಾಡುತ್ತಾರೆ ಅನ್ನುವುದನ್ನೂ ಕೋಟ್‌ನಲ್ಲೇ ಬರೆಸಿ. ಬಣ್ಣದ ಕೆಲಸ ಬಹಳ ಸಲ ಅದರಲ್ಲಿ ಸೇರಿರುವುದಿಲ್ಲ.

ಸಾರ್ ಅನ್ನಬೇಕಿಲ್ಲ, ಹೆಸರು ಹಿಡಿದು ಕರೆಯಿರಿ. ಬಂದ ಕೂಡಲೇ ಟೀ ಬೇಕಾ ಕೇಳಿ. ಈ ಒಂದು ಪದ್ಧತಿಯಲ್ಲಿ ಅವರೂ ನಾವೂ ಒಂದೇ.

ಅಕ್ಕನ ಮಗಳು ಕೊನೆಗೆ ನೋಂದಣಿ ಇರುವ ಒಬ್ಬಾಕೆಯನ್ನು ಕರೆಸಿದಳು. ಇರುವ ಸರ್ಕ್ಯೂಟಿಗೇ ಒಂದು ಸಾಕೆಟ್ ಸೇರಿಸಿದ್ದರಿಂದ ಕೌನ್ಸಿಲ್ ಕೆಲಸ ಇರಲಿಲ್ಲ. ಮೈನರ್ ವರ್ಕ್ಸ್ ಸರ್ಟಿಫಿಕೇಟ್ ಸಾಕಾಯಿತು. ದೊಡ್ಡ ಕೆಲಸಕ್ಕೆ ಕೊಡುವ ಇನ್‌ಸ್ಟಲೇಷನ್ ಸರ್ಟಿಫಿಕೇಟಿನ ಚಿಕ್ಕ ತಂಗಿ ಅನ್ನಬಹುದು. ಎರಡೂ ಬಿಎಸ್ 7671 ಎಂಬ ವೈರಿಂಗ್ ನಿಯಮದ ಪ್ರಕಾರವೇ ಇರುತ್ತವೆ. ಅವಳು ಫೋಟೋ ಕಳಿಸಿದಳು. ಗ್ರೈಂಡರ್, ಪಕ್ಕದಲ್ಲಿ ಉದ್ದಿನ ಹಿಟ್ಟಿನ ಪಾತ್ರೆ, ಅದರ ಮುಂದೆ ಆ ಕಾಗದ. ನಾನು ಕನ್ನಡಕ ಹಾಕಿಕೊಂಡು ದೊಡ್ಡದು ಮಾಡಿ ಓದಿದೆ. ವಿಳಾಸ, ತಾರೀಕು, ಸಹಿ ಎಲ್ಲ ಇತ್ತು. ಆರ್‌ಸಿಡಿ ಎಷ್ಟು ಬೇಗ ಬೀಳುತ್ತದೆ ಅಂತ ಅಳೆದು ಬರೆಯುವ ಜಾಗ ಖಾಲಿ ಇತ್ತು.

"ಅದೊಂದು ಕೇಳಿ ತುಂಬಿಸ್ಕೊ ಪುಟ್ಟಿ" ಅಂದೆ. ಆಕೆ ಅಳೆದಿದ್ದರು, ಬರೆಯುವುದು ಮರೆತಿದ್ದರು. ಮಾರನೇ ದಿನ ತುಂಬಿಸಿದ ಪ್ರತಿ ಇಮೇಲಿನಲ್ಲಿ ಬಂತು.