ಇಳಕಲ್ ಸೀರೆ: ಹಬ್ಬಕ್ಕಷ್ಟೇ ಅಲ್ಲ, ಸೋಮವಾರಕ್ಕೂ ಉಡುವುದು ಹೇಗೆ?

ನವೆಂಬರ್ ಬಂದರೆ ಆಫೀಸುಗಳಲ್ಲಿ ಒಂದು ದಿನ ಇಳಕಲ್ ಸೀರೆಗಳದ್ದೇ ದರ್ಬಾರು. ಮೂಗಿಗೆ ನತ್ತು, ಸೊಂಟಕ್ಕೆ ಡಾಬು, ತಲೆ ತುಂಬ ಮಲ್ಲಿಗೆ. ಫೋಟೊ ತೆಗೆದದ್ದಾಯಿತು, ಮರುದಿನ ಸೀರೆ ಮತ್ತೆ ಕಪಾಟಿನೊಳಗೆ. ಆದರೆ ಇಳಕಲ್ ಊರಿರುವ ಬಾಗಲಕೋಟೆ ಕಡೆ ಹೆಂಗಸರು ಇದನ್ನು ಹೊಲಕ್ಕೂ ಉಟ್ಟರು, ಸಂತೆಗೂ ಉಟ್ಟರು. ಇದನ್ನು ವರ್ಷಕ್ಕೊಂದು ದಿನದ ವೇಷ ಮಾಡಿಕೊಂಡವರು ನಾವೇ. ದಿನದ ಉಡುಗೆಗೆ ತರಬೇಕೆಂದರೆ ಹೀಗೆ ಮಾಡಿ.

1. ಮೊದಲು ಸೆರಗು ನೋಡಿ

ಅಂಗಡಿಗೆ ಹೋಗುವ ಮುಂಚೆ ಅಜ್ಜಿಯ ಟ್ರಂಕು ತೆರೆಯಿರಿ. ಸೀರೆ ಸಿಕ್ಕರೆ ಒಡಲು ಮತ್ತು ಸೆರಗು ಸೇರುವ ಜಾಗವನ್ನು ಬೆಳಕಿಗೆ ಹಿಡಿಯಿರಿ. ಅಲ್ಲೊಂದು ಜೋಡಣೆ ಕಾಣಿಸುತ್ತದೆ. ಒಡಲಿನ ಹಾಸು (ಮಗ್ಗಕ್ಕೆ ಉದ್ದಕ್ಕೆ ಹೂಡುವ ನೂಲು) ಬೇರೆ, ಸೆರಗಿನ ಹಾಸು ಬೇರೆ. ಒಡಲಿಗೆ ಹತ್ತಿ ಇದ್ದರೂ ಸೆರಗಿಗೆ ಕೆಂಪು ರೇಷ್ಮೆ ಹಾಕುತ್ತಾರೆ. ಎರಡೂ ಕಡೆಯ ಎಳೆಗಳನ್ನು ಒಂದಕ್ಕೊಂದು ಕೊಂಡಿ ಹಾಕಿ ನೇಯುತ್ತಾರೆ. ಟೋಪ್ ತೆನಿ ಸೆರಗು ಎನ್ನುವುದು ಇದನ್ನೇ. ಇದಕ್ಕಾಗಿ ಪ್ರತಿ ಸೀರೆಗೂ ಹಾಸನ್ನು ಬೇರೆಯಾಗಿ ಹೂಡಬೇಕು. ಕೈಮಗ್ಗದ ಸೀರೆಗೆ ಬೆಲೆ ಯಾಕೆ ಜಾಸ್ತಿ ಎಂದು ಕೇಳುವವರಿಗೆ ಆ ಜೋಡಣೆಯನ್ನೇ ತೋರಿಸಿ.

ಸೆರಗಿನಲ್ಲಿ ಕೆಂಪು ಪಟ್ಟೆ ಮೂರು, ಅವುಗಳ ನಡುವೆ ಬಿಳಿ ಚಿತ್ತಾರದ ಪಟ್ಟೆ ಎರಡು. ಇಳಕಲ್ ಸೀರೆಗೆ 2007ರಲ್ಲೇ ಭೌಗೋಳಿಕ ಗುರುತು (ಜಿಐ), ಅಂದರೆ ಆ ಕಡೆ ನೇಯ್ದದ್ದಕ್ಕಷ್ಟೇ ಆ ಹೆಸರು ಎನ್ನುವ ಮಾನ್ಯತೆ, ಸಿಕ್ಕಿದೆ. ಆದರೂ ಸೆರಗಿನ ಚಿತ್ರವನ್ನು ಸುಮ್ನೆ ಪ್ರಿಂಟ್ ಹೊಡೆದ ಬಟ್ಟೆ ಇದೇ ಹೆಸರಲ್ಲಿ ಸಿಗುತ್ತದೆ, ಹುಷಾರು.

2. ಬಣ್ಣ ನಿಮ್ಮದಿರಲಿ

ದಾಳಿಂಬೆ ಕೆಂಪು, ನವಿಲು ಹಸಿರು, ಗಿಳಿ ಹಸಿರು ಹಳೆಯ ಬಣ್ಣಗಳು. ನಿಮ್ಮ ಬಟ್ಟೆಗಳೆಲ್ಲ ಕಪ್ಪು, ಬೂದು ಬಣ್ಣದವೇ? ಚಂದ್ರಕಾಳಿ ಎನ್ನುವ ಕಪ್ಪು ಸೀರೆಯಿಂದ ಶುರು ಮಾಡಿ. ಸೆರಗು ಹೇಗೂ ಕೆಂಪು, ಅಷ್ಟು ಸಾಕು. ದಿನದ ಓಡಾಟಕ್ಕೆ ಹತ್ತಿಯದು ಒಳ್ಳೆಯದು.

3. ಕುಪ್ಪಸಕ್ಕೆ ಖಣ

ಇಳಕಲ್ ಸೀರೆಗೆ ಗುಳೇದಗುಡ್ಡದ ಖಣ ಹಳೆಯ ಜೋಡಿ. ಉಡಿ ತುಂಬುವಾಗ ತ್ರಿಕೋನಾಕಾರದಲ್ಲಿ ಮಡಚಿ ಕೊಡುತ್ತಾರಲ್ಲ, ಅದೇ. ಅಗಲ ಕಡಿಮೆ, ಎರಡೂ ಬದಿಗೆ ಅಂಚು. ಉದ್ದ ತೋಳು ಬೇಕಿದ್ದರೆ ಒಂದು ಖಣ ಸಾಲದು, ಎರಡು ಕೊಳ್ಳಿ. ಅಂಚು ತೋಳಿನ ತುದಿಗೆ ಬರಬೇಕೆಂದು ಟೈಲರಿಗೆ ಮೊದಲೇ ಹೇಳಿ. ಕತ್ತರಿ ಹಾಕಿದ ಮೇಲೆ ಹೇಳಿದರೆ ಏನು ಬಂತು?

ಖಣವೇ ಬೇಕೆಂದೂ ಇಲ್ಲ. ಬಿಳಿ ಶರ್ಟು, ಕಾಲರ್ ಇರುವ ಕುಪ್ಪಸ, ಹಳೆಯ ಟೀ ಶರ್ಟು ಎಲ್ಲವೂ ನಡೆಯುತ್ತದೆ. ಅತ್ತೆಯವರು ಹುಬ್ಬೇರಿಸಬಹುದು, ಇರಲಿ ಬಿಡಿ.

4. ಒಡವೆ ಒಂದೇ

ಇಲ್ಲಿ ನಾನು ಸ್ವಲ್ಪ ಹಟಮಾರಿ. ಕೊರಳಿಗೆ ಬೋರಮಾಳ ಹಾಕಿದರೆ ನತ್ತು ಬೇಡ, ಕಿವಿಗೆ ಬುಗುಡಿ ಹಾಕಿದರೆ ಕೊರಳು ಖಾಲಿ ಇರಲಿ. ಸೆರಗೇ ಅಷ್ಟು ಜೋರಾಗಿರುವಾಗ ಮೇಲೆ ಇನ್ನಷ್ಟು ಯಾಕೆ? ಕಾಲಿಗೆ ಕೊಲ್ಹಾಪುರಿ ಚಪ್ಪಲಿ ಹಾಕಿ. ಅದು ಬರೀ ಮಹಾರಾಷ್ಟ್ರದ್ದಲ್ಲ, ನಮ್ಮ ಅಥಣಿ, ನಿಪ್ಪಾಣಿ ಕಡೆಯೂ ಮಾಡುತ್ತಾರೆ. ಸ್ನೀಕರ್ಸ್ ಹಾಕಿ ಮೆಟ್ರೊ ಹತ್ತುವವರು ಸೀರೆಯನ್ನು ಕಣಕಾಲಿನಿಂದ ಒಂದಿಷ್ಟು ಮೇಲಕ್ಕೆ ಉಡಲಿ, ನೆರಿಗೆ ಕಾಲಿಗೆ ಸಿಕ್ಕುವುದಿಲ್ಲ.

5. ಸೀರೆ ಉಡದವರಿಗೆ

ಧಾರವಾಡದ ಕಡೆಯ ಕಸೂತಿ ಇದೆಯಲ್ಲ. ಗವಂತಿ, ಮುರಗಿ, ನೇಯ್ಗಿ, ಮೆಂತಿ ಎಂದು ಅದರಲ್ಲಿ ನಾಲ್ಕು ಬಗೆಯ ಹೊಲಿಗೆ. ಬಟ್ಟೆಯ ಎಳೆ ಎಣಿಸಿ, ಗಂಟು ಹಾಕದೆ ಹೊಲಿಯುತ್ತಾರೆ. ಗವಂತಿ ಮತ್ತು ಮುರಗಿ ಹಾಕಿದ ಬಟ್ಟೆಯನ್ನು ತಿರುಗಿಸಿ ನೋಡಿ, ಹಿಂದೆಯೂ ಮುಂದಿನ ಹಾಗೆಯೇ ಇರುತ್ತದೆ. ಮೆಷಿನ್ ಕೆಲಸ ಅಲ್ಲೇ ಸಿಕ್ಕಿಬೀಳುತ್ತದೆ. ಕುರ್ತಾದ ಕೈಗೆ ಅಥವಾ ಶರ್ಟಿನ ಜೇಬಿನ ಮೇಲೆ ಒಂದು ಗೋಪುರ, ಒಂದು ತೇರು ಹಾಕಿಸಿದರೆ ಸಾಕು. ಗಂಡಸರಿಗೆ ಖಣದ ವೇಸ್ಟ್‌ಕೋಟ್ ಚೆನ್ನಾಗಿ ಒಪ್ಪುತ್ತದೆ.

6. ಒಗೆಯುವಾಗ

ಸೆರಗಿನ ಕೆಂಪು ಬಣ್ಣ ಬಿಡಬಹುದು. ಮೊದಲ ಸಲ ತಣ್ಣೀರಿನಲ್ಲಿ ಬೇರೆಯಾಗಿ ಒಗೆಯಿರಿ, ಹೆಚ್ಚು ಹೊತ್ತು ನೆನೆಸಬೇಡಿ. ಹಿಂಡದೆ ನೆರಳಲ್ಲಿ ಹರವಿ. ಅಜ್ಜಿಯ ಸೀರೆಯಾದರೆ ಆಗಾಗ ಮಡಿಕೆ ಬದಲಿಸಿ, ಒಂದೇ ಗೆರೆಯಲ್ಲಿ ಮಡಚಿಟ್ಟರೆ ಅಲ್ಲೇ ಪಿಸಿಯುತ್ತದೆ. ಆಗಲೇ ಪಿಸಿದಿದ್ದರೆ ಉಡಲು ಹೋಗಬೇಡಿ. ಸೆರಗು ಗಟ್ಟಿಯಿದ್ದರೆ ಅದನ್ನು ಜೋಡಣೆಯ ಸಮೇತ ಕತ್ತರಿಸಿಕೊಂಡು, ಹಿಂದೆ ಮೆತ್ತನೆ ಹತ್ತಿ ಬಟ್ಟೆ ಕೊಟ್ಟು ದುಪಟ್ಟಾ ಮಾಡಿಸಿಕೊಳ್ಳಿ.