ಕಾಫಿ ಹೌಸಿನಲ್ಲಿ ಪೇಟ ಕಟ್ಟಿದ ವರ್ಷಗಳು

1978ರಲ್ಲಿ ಬೆಂಗಳೂರಿನ ಎಂ.ಜಿ. ರಸ್ತೆಯ ಇಂಡಿಯಾ ಕಾಫಿ ಹೌಸಿಗೆ ಸಪ್ಲೈಯರ್ ಆಗಿ ಸೇರಿದೆ. ಮೊದಲ ವಾರವೆಲ್ಲ ಸಮವಸ್ತ್ರದ ಪೇಟದ ಜೊತೆ ಒದ್ದಾಟ. ಗಂಜಿ ಕಡಿಮೆಯಾದರೆ ಮಧ್ಯಾಹ್ನದೊಳಗೆ ಬಾಗುತ್ತದೆ, ಜಾಸ್ತಿಯಾದರೆ ಹಣೆ ಉಜ್ಜುತ್ತದೆ.

ಆಮೇಲೆ ಕಲಿತದ್ದು ಬಿಲ್ಲಿನ ವಿಷಯ. ಗಿರಾಕಿ ಕೇಳುವ ತನಕ ಬಿಲ್ ಇಡಬಾರದು, ಒಂದೇ ಕಾಫಿ ಕುಡಿದು ಎರಡು ಗಂಟೆ ಮಾತಾಡಿದರೂ ಸರಿ. ಬಾಗಿಲಲ್ಲಿ ಜನ ಕಾಯುತ್ತಿದ್ದಾರಲ್ಲ ಅಂತ ಕೇಳಿದೆ. ನಾವೆಲ್ಲ ಅಣ್ಣ ಎನ್ನುತ್ತಿದ್ದ ಹಿರಿಯ ಸಪ್ಲೈಯರ್ ಒಬ್ಬರು ರಾತ್ರಿ ಕೂರಿಸಿಕೊಂಡು ಹಳೆಯದನ್ನೆಲ್ಲ ಹೇಳಿದರು. 1930ರ ದಶಕದಲ್ಲಿ ಹೊರದೇಶದ ವ್ಯಾಪಾರ ಕುಸಿದು ಕಾಫಿ ಬೆಳೆಗಾರರು ಕಂಗೆಟ್ಟಿದ್ದರು. ನಮ್ಮ ದೇಶದಲ್ಲೇ ಕುಡಿಯುವವರು ಹೆಚ್ಚಬೇಕು ಅಂತ ಕಾಫಿ ಸೆಸ್ ಸಮಿತಿ (ಕಾಫಿ ಮೇಲಿನ ವಿಶೇಷ ತೆರಿಗೆಯ ಹಣದಲ್ಲಿ ಕಾಫಿಗೆ ಪ್ರಚಾರ ಕೊಡುತ್ತಿದ್ದ ಸಮಿತಿ) 1936ರಲ್ಲಿ ಮುಂಬೈನ ಚರ್ಚ್‌ಗೇಟಿನಲ್ಲಿ ಮೊದಲ ಕಾಫಿ ಹೌಸ್ ತೆರೆಯಿತು, ಆಮೇಲೆ ಸರ್ಕಾರದ ಕಾಫಿ ಬೋರ್ಡ್ ಬೇರೆ ಊರುಗಳಲ್ಲೂ ನಡೆಸಿತು. "ಜನರಿಗೆ ರುಚಿ ಹತ್ತಿಸೋಕೆ ಅಂತಲೇ ತೆರೆದ ಜಾಗ ಇದು, ಯಾರನ್ನ ಎಬ್ಬಿಸ್ತೀಯಪ್ಪಾ?" ಎಂದರು.

1950ರ ದಶಕದಲ್ಲಿ ಬೋರ್ಡ್ ಇವನ್ನು ಮುಚ್ಚಲು ಹೊರಟಿತು. ಇದನ್ನು ಹೇಳುವಾಗ ಅಣ್ಣನ ದನಿ ಪ್ರತಿ ಸಲ ಸಣ್ಣಗಾಗುತ್ತಿತ್ತು. ಹೆಂಡತಿ ಮಕ್ಕಳಿದ್ದವರು ಬೀದಿಗೆ ಬೀಳುವ ಹೊತ್ತು. ಆಗ ಕಾರ್ಮಿಕರ ಜೊತೆ ನಿಂತವರು ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್. ನೀವೇ ಸಂಘ ಕಟ್ಟಿ, ನೀವೇ ನಡೆಸಿ ಅನ್ನುವುದು ಅವರ ದಾರಿ. ಮೊದಲ ಸಹಕಾರ ಸಂಘ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ, 1957ರ ಆಗಸ್ಟಿನಲ್ಲಿ. ಅಕ್ಟೋಬರಿನಲ್ಲಿ ದೆಹಲಿಯವರೂ ಬಾಗಿಲು ತೆರೆದರು. ನಿನ್ನೆವರೆಗೆ ತಟ್ಟೆ ಎತ್ತುತ್ತಿದ್ದವರೇ ಮಾಲೀಕರು, ಸಣ್ಣ ಮಾತಲ್ಲ ಅಲ್ವಾ?

ನಾನೂ ಷೇರು ತಗೊಂಡೆ. ಮಹಾಸಭೆಯಲ್ಲಿ ಲೆಕ್ಕ ಓದುವಾಗ ಎದ್ದು ನಿಂತು ಹಾಲಿನ ಖರ್ಚು ಯಾಕೆ ಇಷ್ಟು ಅಂತ ಕೇಳಿದೆ. ಕಾಲು ನಡುಗುತ್ತಿತ್ತು. ಪುಸ್ತಕ ತೆಗೆದು ತಿಂಗಳು ತಿಂಗಳಿನದೂ ಓದಿ ಹೇಳಿದರು. ಅವತ್ತಿಂದ ಅಡುಗೆಮನೆಯಲ್ಲಿ ಹಾಲು ಉಕ್ಕುವ ಸದ್ದು ಕೇಳಿದರೆ ನನ್ನ ಟೇಬಲ್ ಬಿಟ್ಟು ಓಡುತ್ತಿದ್ದೆ.

2009ರ ಏಪ್ರಿಲಿನಲ್ಲಿ ಎಂ.ಜಿ. ರಸ್ತೆಯ ಜಾಗ ಬಿಡಬೇಕಾಗಿ ಬಂತು. ಕೊನೆಯ ದಿನಗಳಲ್ಲಿ ಬಂದವರು ಗೋಡೆ ಮುಟ್ಟಿ ನೋಡಿ ಹೋದರು. ಅದೇ ವರ್ಷ ಚರ್ಚ್ ಸ್ಟ್ರೀಟಿನಲ್ಲಿ ಶುರು ಮಾಡಿದೆವು. ಹಳೆ ಗಿರಾಕಿಯೊಬ್ಬರು ಬಾಗಿಲಲ್ಲೇ ನಿಂತು, "ನನ್ನ ಟೇಬಲ್ ಯಾವ್ದಪ್ಪಾ ಇಲ್ಲಿ?" ಅಂತ ಕೇಳಿದರು. ಬೆಳಕು ಬೀಳುವ ಕಡೆ ಕೂರಿಸಿದೆ. ನಿವೃತ್ತನಾಗುವವರೆಗೆ ಆ ಟೇಬಲ್ ನಾನೇ ನೋಡಿಕೊಂಡೆ.